ರಂಧ್ರಗಳ ಇತಿಹಾಸ: ಜಲಜನಕ ಇಂಧನ ಕೋಶ ಬೆಳೆದು ಬಂದ ದಾರಿ



ಇತಿಹಾಸ ಎಂದೊಡನೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಬೇಲೂರು ಮತ್ತು ಹಳೇಬೀಡು. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಕಟ್ಟಿಸಿದ ದೇವಾಲಯವನ್ನೂ, ದೋರಸಮುದ್ರವೆಂದು ಹೆಸರಾಗಿ ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡನ್ನೂ ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. 2023ರಲ್ಲಿ ಈ ಎರಡು ಊರುಗಳ ದೇವಾಲಯಗಳು ಸೋಮನಾಥಪುರದ ದೇವಾಲಯದೊಡನೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅರಸರ ಹೆಸರು, ಕಟ್ಟಿಸಿದ ವರ್ಷ, ಶಾಸನದ ಸಾರ ಇವನ್ನೆಲ್ಲ ನಾವು ಶಾಲೆಯಲ್ಲಿ ಓದುತ್ತೇವೆ. ಆದರೆ ಆ ಶಿಲ್ಪಗಳಲ್ಲಿ ಬೆರಳಿನ ಉಗುರು, ಸರದ ಮಣಿ ಕೂಡ ಸ್ಪಷ್ಟವಾಗಿ ಮೂಡಲು ಕಾರಣವೇನು ಎಂದು ಕೇಳಿದರೆ, ಶಿಲ್ಪಿಯ ಕೈಚಳಕದ ಜೊತೆಗೆ ಕಲ್ಲಿನ ಗುಣವನ್ನೂ ಹೇಳಬೇಕಾಗುತ್ತದೆ. ಅದು ಬಳಪದ ಕಲ್ಲು. ಮೆದುವಾದದ್ದು, ಒಳಗೆ ದಟ್ಟವಾಗಿ ಕೂಡಿಕೊಂಡದ್ದು, ರಂಧ್ರಗಳು ಬಹಳ ಕಡಿಮೆ ಇರುವಂಥದ್ದು.

ವಸ್ತುವಿನ ಒಳಗಿನ ರಚನೆ ಅದರಿಂದ ಆಗುವ ಕೆಲಸವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಈ ಲೇಖನದಲ್ಲಿ ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಉದಾಹರಣೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅದು ಜಲಜನಕ ಇಂಧನ ಕೋಶ. ಅಲ್ಲಿ ಬೇಕಾದದ್ದು ರಂಧ್ರಗಳು. ಎಂಥ ರಂಧ್ರ, ಎಷ್ಟು ದೊಡ್ಡದು, ಎಲ್ಲಿರಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲೇ ವಿಜ್ಞಾನಿಗಳ 180 ವರ್ಷಗಳು ಕಳೆದಿವೆ.

ನಾನು ಕಲಿಸುವುದು ಉರ್ದು ಮತ್ತು ಕನ್ನಡ. ಭಾಷೆಯ ಶಿಕ್ಷಕರಿಗೆ ಈ ವಿಷಯವೇಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಲೇಖನದ ಕೊನೆಯಲ್ಲಿದೆ.

ಬಳಪ ಮತ್ತು ಸೀಮೆಸುಣ್ಣ

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಸ್ಲೇಟಿನ ಮೇಲೆ ಬರೆಯುವ ಕಲ್ಲಿನ ಬಳಪದ ಮೇಲೆ ಒಂದು ಹನಿ ಮಸಿ ಹಾಕಿ. ಅದು ಬಹಳ ಹೊತ್ತು ಮೇಲೆಯೇ ನಿಂತಿರುತ್ತದೆ. ಇನ್ನೊಂದು ಹನಿಯನ್ನು ಕಪ್ಪುಹಲಗೆಯ ಸೀಮೆಸುಣ್ಣದ ಮೇಲೆ ಹಾಕಿ. ಕ್ಷಣದಲ್ಲಿ ಒಳಗೆ ಇಳಿದುಬಿಡುತ್ತದೆ. ಕಣ್ಣಿಗೆ ಕಾಣದ ಸಾವಿರಾರು ದಾರಿಗಳು ಸೀಮೆಸುಣ್ಣದಲ್ಲಿವೆ. ಮಣ್ಣಿನ ಮಡಕೆಯ ನೀರು ಬೇಸಿಗೆಯಲ್ಲಿ ತಂಪಾಗಿರುವುದೂ ಇಂಥ ದಾರಿಗಳ ಮೂಲಕ ನೀರು ಹೊರಗೆ ಒಸರಿ ಆವಿಯಾಗುವುದರಿಂದಲೇ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವುದೂ ನೂಲಿನ ನಡುವಿನ ಸಂದುಗಳಿಂದ.

ಇಂಥ ವಸ್ತುವಿಗೆ ವಿಜ್ಞಾನ ಪುಸ್ತಕಗಳಲ್ಲಿ ‘ಸರಂಧ್ರ’ ಎನ್ನುತ್ತಾರೆ. ಉರ್ದುವಿನಲ್ಲಿ ‘ಮಸಾಮ್‌ದಾರ್’ ಎನ್ನುತ್ತೇವೆ. ಮೈಯ ಚರ್ಮದಲ್ಲಿ ಬೆವರು ಬರುವ ರಂಧ್ರಗಳಿಗೆ ನಮ್ಮ ಮನೆಗಳಲ್ಲಿ ಹೇಳುವ ‘ಮಸಾಮ್’ ಎಂಬ ಪದವೇ ಇದು. ಈ ಎರಡು ಪದಗಳನ್ನು ನೆನಪಿಟ್ಟುಕೊಂಡರೆ ಮುಂದಿನದು ಕಷ್ಟವಲ್ಲ.

ಇಂಧನ ಕೋಶ ಎಂದರೇನು?

ನೀರಿನಲ್ಲಿ ವಿದ್ಯುತ್ ಹಾಯಿಸಿದರೆ ಅದು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ ಎಂಬುದನ್ನು ನೀವು ಹೈಸ್ಕೂಲಿನಲ್ಲಿ ಓದಿದ್ದೀರಿ. ಲಂಡನ್ನಿನಲ್ಲಿ ನಿಕೋಲ್ಸನ್ ಮತ್ತು ಕಾರ್ಲೈಲ್ ಎಂಬುವರು 1800ರಲ್ಲಿ ಇದನ್ನು ಮಾಡಿ ತೋರಿಸಿದರು. ಇಂಧನ ಕೋಶವು ಇದರ ತಿರುಗುಮುರುಗು. ಜಲಜನಕ ಮತ್ತು ಆಮ್ಲಜನಕವನ್ನು ಕೂಡಿಸಿ ನೀರು ಮಾಡುವಾಗ ವಿದ್ಯುತ್ತನ್ನು ಪಡೆಯುವುದು.

ಕೋಶದ ಎರಡು ಕಡೆ ಎರಡು ವಿದ್ಯುದ್ವಾರಗಳಿರುತ್ತವೆ. ಹೆಸರೇ ಹೇಳುವಂತೆ ಅವು ವಿದ್ಯುತ್ತಿನ ಬಾಗಿಲುಗಳು. ಒಂದು ಕಡೆ ಜಲಜನಕದ ಪರಮಾಣು ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಎಲೆಕ್ಟ್ರಾನು ಹೊರಗಿನ ತಂತಿಯ ಮೂಲಕ ಹೋಗುತ್ತದೆ, ದಾರಿಯಲ್ಲಿ ದೀಪ ಉರಿಸುತ್ತದೆ ಅಥವಾ ಮೋಟರು ತಿರುಗಿಸುತ್ತದೆ. ಉಳಿದ ಪ್ರೋಟಾನು ಕೋಶದ ಒಳಗಿರುವ ಆಮ್ಲ ಅಥವಾ ಪೊರೆಯ ಮೂಲಕ ಆಚೆ ಕಡೆ ಸೇರುತ್ತದೆ. ಅಲ್ಲಿ ಆಮ್ಲಜನಕದೊಡನೆ ಎಲ್ಲವೂ ಕೂಡಿ ನೀರಾಗುತ್ತದೆ. ಇಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ.

ಪರೀಕ್ಷೆಯಲ್ಲಿ ಇದನ್ನು ಒಂದು ಸಾಲಿನ ಸಮೀಕರಣವಾಗಿ ಬರೆದರೆ ಅಂಕ ಸಿಗುತ್ತದೆ. ಆದರೆ ಆ ಸಾಲಿನಲ್ಲಿ ಒಂದು ಮಾತು ಅಡಗಿಹೋಗಿದೆ. ಈ ಕ್ರಿಯೆ ನಡೆಯುವ ಸ್ಥಳದಲ್ಲಿ ಮೂರು ಒಟ್ಟಿಗೆ ಸೇರಬೇಕು: ಅನಿಲ ಬರಬೇಕು, ಎಲೆಕ್ಟ್ರಾನನ್ನು ಒಯ್ಯುವ ಲೋಹ ಅಥವಾ ಇಂಗಾಲ ಇರಬೇಕು, ಪ್ರೋಟಾನನ್ನು ಒಯ್ಯುವ ದ್ರವ ಅಥವಾ ಪೊರೆಯೂ ತಾಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅಲ್ಲಿ ವಿದ್ಯುತ್ತಿಲ್ಲ.

ಗ್ರೋವ್ ಕಂಡ ಗೆರೆ

ಈ ಮಾತನ್ನು ಮೊದಲು ಗಮನಿಸಿದವನು ವೇಲ್ಸ್ ದೇಶದ ಸ್ವಾನ್ಸಿ ಊರಿನ ವಿಲಿಯಂ ರಾಬರ್ಟ್ ಗ್ರೋವ್. ವೃತ್ತಿಯಿಂದ ವಕೀಲ, ಮುಂದೆ ನ್ಯಾಯಾಧೀಶನೂ ಆದ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿದ್ದ ಷೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞನೂ ಅದೇ ಕಾಲದಲ್ಲಿ ಇದೇ ವಿಷಯವನ್ನು ಪರೀಕ್ಷಿಸುತ್ತಿದ್ದ. ಗ್ರೋವ್ 1839ರಲ್ಲಿ ತನ್ನ ಮೊದಲ ಪ್ರಯೋಗವನ್ನು ಪ್ರಕಟಿಸಿದ. 1842ರಲ್ಲಿ ಹಲವು ಕೋಶಗಳನ್ನು ಸಾಲಾಗಿ ಜೋಡಿಸಿ ‘ಅನಿಲ ಬ್ಯಾಟರಿ’ಯನ್ನು ತಯಾರಿಸಿದ.

ದುರ್ಬಲ ಗಂಧಕಾಮ್ಲದಲ್ಲಿ ತಲೆಕೆಳಗಾಗಿ ನಿಲ್ಲಿಸಿದ ಗಾಜಿನ ಕೊಳವೆಗಳು, ಅವುಗಳೊಳಗೆ ಪ್ಲಾಟಿನಂ ಪಟ್ಟಿಗಳು, ಒಂದರಲ್ಲಿ ಜಲಜನಕ, ಇನ್ನೊಂದರಲ್ಲಿ ಆಮ್ಲಜನಕ. ವಿದ್ಯುತ್ ಹರಿದಂತೆ ಕೊಳವೆಗಳಲ್ಲಿ ದ್ರವ ಮೇಲೇರುತ್ತಿತ್ತು. ಜಲಜನಕದ ಕೊಳವೆಯಲ್ಲಿ ಎರಡು ಪಟ್ಟು ಏರುತ್ತಿತ್ತು. ತತ್ವ ಸರಿಯಾಗಿತ್ತು, ಆದರೆ ದೊರೆತ ವಿದ್ಯುತ್ ಅತ್ಯಲ್ಪ. ಏಕೆಂದರೆ ಪ್ಲಾಟಿನಂ ಪಟ್ಟಿಯು ಆಮ್ಲದಿಂದ ಹೊರಗೆ ತಲೆಯೆತ್ತುವ ಜಾಗದಲ್ಲಿ, ಒಂದು ಗೆರೆಯಷ್ಟು ಅಗಲದಲ್ಲಿ ಮಾತ್ರ ಅನಿಲ, ಆಮ್ಲ, ಲೋಹ ಮೂರೂ ಸೇರುತ್ತಿದ್ದವು. ಮುಳುಗಿದ ಭಾಗಕ್ಕೆ ಅನಿಲ ಸಿಗದು. ಒಣಗಿದ ಭಾಗಕ್ಕೆ ಆಮ್ಲ ಸಿಗದು. ಗ್ರೋವ್ ಇದನ್ನು ಚೆನ್ನಾಗಿ ಅರಿತಿದ್ದ. ಕ್ರಿಯೆ ನಡೆಯುವ ಮೇಲ್ಮೈಯನ್ನು ಹೆಚ್ಚಿಸದೆ ಗತಿಯಿಲ್ಲ ಎಂದು ತಿಳಿದು, ಪ್ಲಾಟಿನಂ ಮೇಲೆ ಪ್ಲಾಟಿನಂನದೇ ಕಪ್ಪು ಪುಡಿಯ ಒರಟು ಲೇಪನ ಕೊಟ್ಟಿದ್ದ.

ಹಳೇಬೀಡಿನ ಕೆರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನೀರೂ ನೆಲವೂ ಸೇರುವುದು ದಡದಲ್ಲಿ ಮಾತ್ರ. ಅದೇ ನೀರನ್ನು ಒಂದು ಲಕ್ಷ ಪುಟ್ಟ ಹೊಂಡಗಳಲ್ಲಿ ಹಂಚಿದರೆ ದಡದ ಒಟ್ಟು ಉದ್ದ ಎಷ್ಟೋ ಪಟ್ಟು ಹೆಚ್ಚುತ್ತದೆ. ಸರಂಧ್ರ ವಿದ್ಯುದ್ವಾರ ಮಾಡುವ ಕೆಲಸ ಇದೇ. ವಸ್ತುವಿನ ಗಾತ್ರ ಹಿಗ್ಗಿಸದೆ ದಡವನ್ನು ಹೆಚ್ಚಿಸುವುದು.

ಮಾಂಡ್ ಮತ್ತು ಲ್ಯಾಂಗರ್

ಗ್ರೋವನ ನಂತರ ಸುಮಾರು 50 ವರ್ಷ ದೊಡ್ಡ ಮುನ್ನಡೆ ಆಗಲಿಲ್ಲ. 1889ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಉದ್ಯಮಿ-ವಿಜ್ಞಾನಿ ಲುಡ್ವಿಗ್ ಮಾಂಡ್ ಮತ್ತು ಅವನ ಸಹಾಯಕ ಕಾರ್ಲ್ ಲ್ಯಾಂಗರ್ ಹೊಸ ರೀತಿಯ ಕೋಶವನ್ನು ಪ್ರಕಟಿಸಿದರು. ‘ಇಂಧನ ಕೋಶ’ ಎಂಬ ಹೆಸರೂ ಸಾಮಾನ್ಯವಾಗಿ ಇವರೊಂದಿಗೇ ಸೇರಿಕೊಂಡಿದೆ.

ಅವರ ಮುಂದಿದ್ದ ತೊಂದರೆ ಇದು: ರಂಧ್ರಗಳಿರುವ ವಿದ್ಯುದ್ವಾರವನ್ನು ಆಮ್ಲದಲ್ಲಿ ಇಟ್ಟರೆ ಆಮ್ಲವೇ ರಂಧ್ರಗಳಿಗೆಲ್ಲ ನುಗ್ಗಿ ತುಂಬಿಕೊಳ್ಳುತ್ತದೆ, ಅನಿಲಕ್ಕೆ ದಾರಿಯೇ ಉಳಿಯುವುದಿಲ್ಲ. ಸೀಮೆಸುಣ್ಣದಲ್ಲಿ ಇಳಿದ ಮಸಿಯ ಹಾಗೆ. ಆದ್ದರಿಂದ ಅವರು ಆಮ್ಲವನ್ನು ಪಾತ್ರೆಯಲ್ಲಿ ಸುರಿದಿಡುವ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್, ಸುಟ್ಟ ಮಣ್ಣು, ಕಲ್ನಾರು ಮುಂತಾದ ಸರಂಧ್ರ ವಸ್ತುವಿನ ಹಲಗೆಗೆ ಹೀರಿಸಿದರು. ಅದರ ಎರಡೂ ಬದಿಗೆ ಸಣ್ಣ ತೂತುಗಳಿದ್ದ ಪ್ಲಾಟಿನಂ ಹಾಳೆ, ಪ್ಲಾಟಿನಂ ಪುಡಿ ಹಚ್ಚಿದರು. ನಿಮ್ಮ ತರಗತಿಯ ಸೀಮೆಸುಣ್ಣವನ್ನು ಸಾಮಾನ್ಯವಾಗಿ ಇದೇ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಚ್ಚು ಹಾಕುತ್ತಾರೆ ಎಂಬುದನ್ನು ಗಮನಿಸಿ.

ಈ ಕೋಶ ಸುಮಾರು 0.73 ವೋಲ್ಟ್ ಒತ್ತಡದಲ್ಲಿ ವಿದ್ಯುತ್ ಕೊಟ್ಟಿತು. ಆದರೆ ಪ್ರತಿ ಚದರ ಸೆಂಟಿಮೀಟರಿಗೆ ದೊರೆತದ್ದು ಕೆಲವೇ ಮಿಲಿಆಂಪಿಯರ್. ಮಾಂಡನಿಗೆ ಕಲ್ಲಿದ್ದಲಿನಿಂದ ತೆಗೆದ ಅಗ್ಗದ ಅನಿಲವನ್ನು ಬಳಸಬೇಕೆಂಬ ಆಸೆಯಿತ್ತು. ಅದರಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಪ್ಲಾಟಿನಂಗೆ ವಿಷವಾಯಿತು. ಪ್ಲಾಟಿನಂ ಬೆಲೆಯೂ ವಿಪರೀತ. 1894ರಲ್ಲಿ ಜರ್ಮನಿಯ ಪ್ರಸಿದ್ಧ ವಿಜ್ಞಾನಿ ಓಸ್ಟ್‌ವಾಲ್ಡ್, ಉಗಿಯಂತ್ರಗಳು ಇಂಧನವನ್ನು ಹಾಳುಮಾಡುತ್ತವೆ, ಇಂಧನದಿಂದ ನೇರವಾಗಿ ವಿದ್ಯುತ್ ಪಡೆಯುವುದೇ ಮುಂದಿನ ದಾರಿ ಎಂದು ಸಾರಿದರೂ, ಕಾರ್ಖಾನೆಗಳು ಉಗಿಯಂತ್ರ ಮತ್ತು ಡೈನಮೋಗಳನ್ನೇ ನಂಬಿಕೊಂಡವು.

ಬೇಕನ್ನನ ಎರಡು ಪದರ

ದಾರಿ ತೆರೆದದ್ದು ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್ (1904–1992). 1930ರ ದಶಕದಲ್ಲಿ ಇಂಧನ ಕೋಶದ ಕೆಲಸ ಹಿಡಿದ ಅವನು 20 ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಿಡಲಿಲ್ಲ. ದುಬಾರಿ ಪ್ಲಾಟಿನಂ ಬಿಟ್ಟು ನಿಕ್ಕೆಲ್ ಹಿಡಿದ. ಆಮ್ಲ ಬಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬಳಸಿದ. ನಿಕ್ಕೆಲ್ ಪ್ಲಾಟಿನಂನಷ್ಟು ಚುರುಕಲ್ಲ. ಅದಕ್ಕಾಗಿ ಕೋಶವನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿ, ಹೆಚ್ಚಿನ ಒತ್ತಡದಲ್ಲಿ ನಡೆಸಿದ.

ಆದರೂ ಹಳೆಯ ತೊಂದರೆ ಹಾಗೇ ಇತ್ತು. ಅನಿಲದ ಒತ್ತಡ ಕಡಿಮೆಯಾದರೆ ದ್ರವ ರಂಧ್ರಗಳಿಗೆ ನುಗ್ಗುತ್ತದೆ. ಹೆಚ್ಚಾದರೆ ಅನಿಲ ದ್ರವದೊಳಗೆ ಗುಳ್ಳೆಗುಳ್ಳೆಯಾಗಿ ಪೋಲಾಗುತ್ತದೆ. ಬೇಕನ್ ಕಂಡುಕೊಂಡ ಉಪಾಯ ಬಹಳ ಸರಳ. ವಿದ್ಯುದ್ವಾರವನ್ನು ಎರಡು ಪದರವಾಗಿ ಮಾಡಿದ. ಅನಿಲದ ಕಡೆ ದೊಡ್ಡ ರಂಧ್ರಗಳು, ಸುಮಾರು 30 ಮೈಕ್ರೋಮೀಟರ್. ದ್ರವದ ಕಡೆ ಸಣ್ಣ ರಂಧ್ರಗಳು, ಸುಮಾರು 16 ಮೈಕ್ರೋಮೀಟರ್. ರಂಧ್ರ ಸಣ್ಣದಾದಷ್ಟೂ ಅದು ದ್ರವವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬತ್ತಿಯಲ್ಲಿ ಎಣ್ಣೆ ನಿಲ್ಲುವುದೂ ಅಗಲವಾದ ಕೊಳವೆಯಲ್ಲಿ ನಿಲ್ಲದಿರುವುದೂ ಇದರಿಂದಲೇ. ಆದ್ದರಿಂದ ಅನಿಲದ ಒತ್ತಡವನ್ನು ಸ್ವಲ್ಪವೇ ಹೆಚ್ಚಿಸಿದರೆ ದೊಡ್ಡ ರಂಧ್ರಗಳಿಂದ ದ್ರವ ಹಿಂದೆ ಸರಿಯುತ್ತದೆ, ಸಣ್ಣ ರಂಧ್ರಗಳಲ್ಲಿ ಅಲುಗದೆ ನಿಲ್ಲುತ್ತದೆ. ಎರಡು ಪದರಗಳು ಕೂಡುವ ಜಾಗದಲ್ಲಿ ಅನಿಲ, ದ್ರವ, ಲೋಹ ಮೂರೂ ಶಾಶ್ವತವಾಗಿ ಭೇಟಿಯಾಗುತ್ತವೆ.

ರಂಧ್ರಗಳನ್ನು ಮಾಡಿದ ಬಗೆಯೂ ಸ್ವಾರಸ್ಯವಾದದ್ದು. ನಿಕ್ಕೆಲ್ಲಿನ ನಯವಾದ ಪುಡಿಗೆ ಅಮೋನಿಯಂ ಬೈಕಾರ್ಬನೇಟ್ ಬೆರೆಸಿ, ಒತ್ತಿ, ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಬೈಕಾರ್ಬನೇಟ್ ಅನಿಲವಾಗಿ ಹಾರಿಹೋಗಿ ಅದಿದ್ದ ಜಾಗದಲ್ಲಿ ಪೊಳ್ಳು ಉಳಿಯುತ್ತಿತ್ತು. ಬೇಕರಿಯವರು ಬಿಸ್ಕತ್ತು ಉಬ್ಬಲು ಹಾಕುವುದೂ ಇದೇ ವಸ್ತು. ಇನ್ನು ಆ ನಿಕ್ಕೆಲ್ ಪುಡಿ ಬಂದದ್ದು ಎಲ್ಲಿಂದ? ನಮ್ಮ ಮಾಂಡ್ ಮತ್ತು ಲ್ಯಾಂಗರ್ ಜೊತೆಗಾರರೊಡನೆ 1890ರಲ್ಲಿ ಪ್ರಕಟಿಸಿದ ನಿಕ್ಕೆಲ್ ಕಾರ್ಬೊನಿಲ್ ಎಂಬ ಸಂಯುಕ್ತದ ವಿಧಾನದಿಂದ. ಇಂಧನ ಕೋಶವನ್ನು ಕೈಬಿಟ್ಟವರ ಇನ್ನೊಂದು ಶೋಧನೆ 60 ವರ್ಷಗಳ ನಂತರ ಇಂಧನ ಕೋಶಕ್ಕೇ ನೆರವಾಯಿತು.

1959ರಲ್ಲಿ ಬೇಕನ್ ಮತ್ತು ಸಂಗಡಿಗರು ಕೇಂಬ್ರಿಡ್ಜ್‌ನಲ್ಲಿ ಸುಮಾರು 5 ಕಿಲೋವ್ಯಾಟ್ ಸಾಮರ್ಥ್ಯದ ಕೋಶಗಳ ಸಾಲನ್ನು ಜನರ ಮುಂದೆ ನಡೆಸಿ ತೋರಿಸಿದರು. ಅದು ವೆಲ್ಡಿಂಗ್ ಯಂತ್ರ, ಗರಗಸ ಮತ್ತು ಭಾರ ಎತ್ತುವ ಬಂಡಿಯನ್ನು ನಡೆಸಿತು. ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿ ಈ ತಂತ್ರವನ್ನು ಪಡೆದು ಅಪೋಲೊ ನೌಕೆಗಳಿಗೆ ಅಳವಡಿಸಿತು. 1969ರ ಜುಲೈನಲ್ಲಿ ಚಂದ್ರನತ್ತ ಹೋದ ಅಪೋಲೊ 11ರಲ್ಲಿ ಇಂಥ ಮೂರು ಘಟಕಗಳಿದ್ದವು. ಅವುಗಳಿಂದ ಹೊರಬಂದ ನೀರನ್ನೇ ಯಾತ್ರಿಗಳು ಕುಡಿದರು. 1970ರ ಏಪ್ರಿಲ್‌ನಲ್ಲಿ ಅಪೋಲೊ 13ರ ಆಮ್ಲಜನಕದ ಟ್ಯಾಂಕ್ ಸಿಡಿದಾಗ, ಆಮ್ಲಜನಕವಿಲ್ಲದೆ ಇಂಧನ ಕೋಶಗಳು ನಿಂತುಹೋಗಿ, ವಿದ್ಯುತ್ತೂ ನೀರೂ ಒಟ್ಟಿಗೆ ತಪ್ಪಿಹೋದವು. ಯಾತ್ರಿಗಳು ಜೀವಸಹಿತ ಮರಳಿದ್ದು ದೊಡ್ಡ ಸಾಹಸ.

ಮೇಣ, ಟೆಫ್ಲಾನ್ ಮತ್ತು ಪೊರೆ

ಬೇಕನ್ನನ ವಿಧಾನಕ್ಕೆ ಹೆಚ್ಚು ಶಾಖ, ಹೆಚ್ಚು ಒತ್ತಡ, ಭಾರವಾದ ಪಾತ್ರೆ ಬೇಕಿತ್ತು. ಇನ್ನೊಂದು ದಾರಿಯೂ ಇತ್ತು: ರಂಧ್ರದ ಗೋಡೆಯನ್ನೇ ನೀರು ಅಂಟದಂತೆ ಮಾಡುವುದು. 1932ರಲ್ಲಿ ಅಮೆರಿಕದ ಹೈಸ್ ಮತ್ತು ಶುಮಾಕರ್ ಎಂಬುವರು ಸರಂಧ್ರ ಇಂಗಾಲಕ್ಕೆ ಮೇಣ ಹೀರಿಸಿ, ಗಾಳಿಯ ಆಮ್ಲಜನಕದಿಂದ ನಡೆಯುವ ಬ್ಯಾಟರಿ ಮಾಡಿದರು. ಅಂಥ ಬ್ಯಾಟರಿಗಳು ಅಲ್ಲಿನ ರೈಲ್ವೆ ಸಿಗ್ನಲ್‌ಗಳಲ್ಲಿ ಬಳಕೆಯಾದವು. 1938ರಲ್ಲಿ ಪ್ಲಂಕೆಟ್ ಎಂಬ ವಿಜ್ಞಾನಿಗೆ ಅಕಸ್ಮಾತ್ತಾಗಿ ದೊರೆತ ಟೆಫ್ಲಾನ್ ಮೇಣಕ್ಕಿಂತ ಗಟ್ಟಿಯಾದ ಸಾಧನವಾಯಿತು. ದೋಸೆ ಅಂಟದ ಕಾವಲಿಯ ಮೇಲಿರುವುದು ಇದೇ. 1965ರಲ್ಲಿ ನೀಡ್ರಾಕ್ ಮತ್ತು ಆಲ್ಫೋರ್ಡ್ ಎಂಬ ಇಬ್ಬರು, ಪ್ಲಾಟಿನಂ ಪುಡಿಗೆ ಟೆಫ್ಲಾನ್ ಬೆರೆಸಿದ ವಿದ್ಯುದ್ವಾರವನ್ನು ಪ್ರಕಟಿಸಿದರು. ಅದರಲ್ಲಿ ಕೆಲವು ರಂಧ್ರಗಳು ಒದ್ದೆಯಾಗಿ ದ್ರವಕ್ಕೆ ದಾರಿ ಕೊಡುತ್ತವೆ, ಕೆಲವು ಒಣಗಿಯೇ ಉಳಿದು ಅನಿಲಕ್ಕೆ ದಾರಿ ಕೊಡುತ್ತವೆ.

ಇದೇ ಕಾಲದಲ್ಲಿ ದ್ರವದ ಬದಲು ಪ್ಲಾಸ್ಟಿಕ್ಕಿನಂಥ ಪೊರೆಯೂ ಬಂದಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಗ್ರಬ್ 1955ರಲ್ಲಿ ಇದನ್ನು ಯೋಚಿಸಿದ. 1965ರ ಜೆಮಿನಿ 5 ನೌಕೆಯಲ್ಲಿ ಪೊರೆಯ ಕೋಶ ಬಳಕೆಯಾಯಿತು. ನಂತರ ನಾಫಿಯಾನ್ ಎಂಬ ಬಾಳಿಕೆಯ ಪೊರೆ ದೊರೆಯಿತು. ಆದರೆ ಹೊಸ ತೊಡಕು ಹುಟ್ಟಿತು. ದ್ರವವಾದರೆ ರಂಧ್ರದೊಳಗೆ ಹರಿಯುತ್ತದೆ, ಘನ ಪೊರೆ ಹರಿಯುವುದಿಲ್ಲ. ಪೊರೆಗೆ ತಾಗಿದ ಪ್ಲಾಟಿನಂ ಕಣಗಳಷ್ಟೇ ದುಡಿದವು, ಹಿಂದಿನವು ಸುಮ್ಮನೆ ಕುಳಿತವು. ಅದನ್ನು ಸರಿದೂಗಿಸಲು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4 ಮಿಲಿಗ್ರಾಂ ಪ್ಲಾಟಿನಂ ಸುರಿಯಬೇಕಾಯಿತು.

1986ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಇಯಾನ್ ರೈಸ್ಟ್ರಿಕ್, ಪೊರೆಯ ವಸ್ತುವನ್ನು ದ್ರಾವಣ ಮಾಡಿ ಸರಂಧ್ರ ಇಂಗಾಲದ ವಿದ್ಯುದ್ವಾರಕ್ಕೆ ಬಣ್ಣ ಬಳಿದಂತೆ ಬಳಿದ. ರಂಧ್ರಗಳೊಳಗೆಲ್ಲ ಪ್ರೋಟಾನಿಗೆ ದಾರಿಯಾಯಿತು. ಕೂಡಲೇ ಪ್ಲಾಟಿನಂ ಬಳಕೆಯನ್ನು ಸುಮಾರು 0.4 ಮಿಲಿಗ್ರಾಂಗೆ, ಅಂದರೆ ಹತ್ತನೇ ಒಂದು ಭಾಗಕ್ಕೆ ಇಳಿಸುವುದು ಸಾಧ್ಯವಾಯಿತು. ಇಂಧನ ಕೋಶವನ್ನು ಬಾಹ್ಯಾಕಾಶದಿಂದ ರಸ್ತೆಗೆ ಇಳಿಸಿದ ಮುಖ್ಯ ಹೆಜ್ಜೆಗಳಲ್ಲಿ ಇದೂ ಒಂದು.

ರಂಧ್ರ ಹೇಗಿದ್ದರೆ ಒಳ್ಳೆಯದು?

ಇಂದಿನ ಕೋಶವನ್ನು ಅಡ್ಡ ಕೊಯ್ದು ನೋಡಿದರೆ ಪದರಗಳು ಕಾಣುತ್ತವೆ. ಹೊರಗೆ ಅನಿಲ ಹರಿಯುವ ಕಾಲುವೆಗಳು. ಅದರ ಒಳಗೆ ಇಂಗಾಲದ ಎಳೆಗಳಿಂದ ಮಾಡಿದ ಕಾಗದ, ದಪ್ಪ ಸುಮಾರು 0.2 ಮಿಲಿಮೀಟರ್, ಅದರ ಗಾತ್ರದ ಮುಕ್ಕಾಲು ಭಾಗ ಖಾಲಿ ಜಾಗ. ಅದರ ಒಳಗೆ ನಯವಾದ ಇಂಗಾಲದ ಪುಡಿಯ ಪದರ. ಕೊನೆಗೆ ಪೊರೆಗೆ ಅಂಟಿಕೊಂಡು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾದ ಪದರ. ಪ್ಲಾಟಿನಂ ಇರುವುದು ಇಲ್ಲಿ. ಹೊರಗಿನಿಂದ ಒಳಕ್ಕೆ ಹೋದಂತೆ ರಂಧ್ರಗಳು ಕಿರಿದಾಗುತ್ತವೆ. ಹೆದ್ದಾರಿ, ಊರ ರಸ್ತೆ, ಓಣಿ, ಮನೆಬಾಗಿಲು ಇದ್ದ ಹಾಗೆ.

ಲೆಕ್ಕದ ಪ್ರಕಾರ ಒಂದು ಕೋಶದಿಂದ 1.23 ವೋಲ್ಟ್ ಬರಬೇಕು. ಕೆಲಸ ಮಾಡುವಾಗ ದೊರೆಯುವುದು ಸುಮಾರು 0.6ರಿಂದ 0.7 ವೋಲ್ಟ್. ಈ ನಷ್ಟಕ್ಕೆ ಮೂರು ಕಾರಣಗಳು. ಮೊದಲನೆಯದು, ಆಮ್ಲಜನಕದ ಕ್ರಿಯೆ ನಿಧಾನ. ಪ್ಲಾಟಿನಂ ಮೇಲ್ಮೈ ಹೆಚ್ಚಿದ್ದರೆ ಈ ನಷ್ಟ ತಗ್ಗುತ್ತದೆ, ಅದಕ್ಕೆ ಸಣ್ಣ ರಂಧ್ರಗಳು ಬೇಕು. ಎರಡನೆಯದು, ವಿದ್ಯುತ್ತಿನ ದಾರಿಯ ಅಡ್ಡಿ. ರಂಧ್ರ ಅತಿಯಾದರೆ ಇಂಗಾಲದ ಕಣಗಳು ಪರಸ್ಪರ ತಾಗುವುದು ಕಡಿಮೆಯಾಗಿ ಈ ಅಡ್ಡಿ ಹೆಚ್ಚುತ್ತದೆ. ಮೂರನೆಯದು, ಹೆಚ್ಚು ವಿದ್ಯುತ್ ಎಳೆದಾಗ ಉಂಟಾಗುವ ನೂಕುನುಗ್ಗಲು. ಆಮ್ಲಜನಕ ಒಳಬರಬೇಕಾದ ದಾರಿಯಲ್ಲೇ ಹುಟ್ಟಿದ ನೀರು ಹೊರಹೋಗಬೇಕು. ರಂಧ್ರಗಳಲ್ಲಿ ನೀರು ನಿಂತರೆ ಕೋಶಕ್ಕೆ ಉಸಿರುಕಟ್ಟುತ್ತದೆ. ಹಾಗೆಂದು ಪೂರ್ತಿ ಒಣಗಿದರೆ ಪೊರೆ ಪ್ರೋಟಾನನ್ನು ಒಯ್ಯುವುದಿಲ್ಲ.

ಆದ್ದರಿಂದ ‘ರಂಧ್ರ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬ ಮಾತು ಅರ್ಧ ಸತ್ಯ. 2 ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರದೊಳಗೆ ಪ್ಲಾಟಿನಂ ಇದ್ದರೆ ಅದರ ಬಳಿಗೆ ಆಮ್ಲಜನಕ ಸುಲಭವಾಗಿ ತಲುಪದು. ಹೊರಮೈಯಲ್ಲಿದ್ದರೆ ಪೊರೆಯ ವಸ್ತುವೇ ಪ್ಲಾಟಿನಂಗೆ ಅಂಟಿಕೊಂಡು ಅದರ ಚುರುಕನ್ನು ಕುಂದಿಸುತ್ತದೆ. 2018ರಲ್ಲಿ ಜನರಲ್ ಮೋಟರ್ಸ್ ಕಂಪನಿಯ ಸಂಶೋಧಕರು 4ರಿಂದ 7 ನ್ಯಾನೋಮೀಟರ್ ಬಾಯಿಯ ರಂಧ್ರಗಳಿರುವ ಇಂಗಾಲ ಒಳ್ಳೆಯ ಫಲ ಕೊಡುತ್ತದೆಂದು ತೋರಿಸಿದರು. ಟೊಯೊಟಾ ಕಂಪನಿ 2014ರಲ್ಲಿ ತಂದ ಮಿರಾಯ್ ಕಾರಿನ 2020ರ ಎರಡನೇ ಮಾದರಿಯಲ್ಲಿ ಇಂಥ ಮಧ್ಯಮ ರಂಧ್ರಗಳ ಇಂಗಾಲವನ್ನೇ ಬಳಸಿತು. ಮಾಂಡನ ಕೋಶದಲ್ಲಿ ಕೆಲವು ಮಿಲಿಆಂಪಿಯರ್ ಕೊಡುತ್ತಿದ್ದ ಒಂದು ಚದರ ಸೆಂಟಿಮೀಟರ್ ಜಾಗ ಈಗಿನ ಕಾರುಗಳಲ್ಲಿ 1 ಆಂಪಿಯರಿಗೂ ಹೆಚ್ಚು ಕೊಡುತ್ತದೆ. ರಾಸಾಯನಿಕ ಕ್ರಿಯೆ ಗ್ರೋವನ ಕಾಲದ್ದೇ. ಅದು ನಡೆಯುವ ಮನೆಯನ್ನು ಕಟ್ಟುವ ರೀತಿ ಬದಲಾಯಿತು.

ನಮ್ಮ ನಾಡಿನಲ್ಲಿ

ಕರ್ನಾಟಕಕ್ಕೂ ಈ ಇತಿಹಾಸದಲ್ಲಿ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಶೋಕ್ ಕುಮಾರ್ ಶುಕ್ಲಾ ಮತ್ತು ಅವರ ವಿದ್ಯಾರ್ಥಿಗಳು ಇಂಧನ ಕೋಶಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಶುಕ್ಲಾ ಅವರು ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ದಾಸಪ್ಪ ಅವರ ತಂಡ 2022ರಲ್ಲಿ, 1 ಕೆ.ಜಿ. ಒಣ ಜೈವಿಕ ತ್ಯಾಜ್ಯದಿಂದ ಸುಮಾರು 100 ಗ್ರಾಂ ಜಲಜನಕ ಪಡೆಯುವ ವಿಧಾನವನ್ನು ಪ್ರಕಟಿಸಿತು. 2021ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಓಮಿಯಂ ಎಂಬ ಕಂಪನಿ ನೀರಿನಿಂದ ಜಲಜನಕ ತೆಗೆಯುವ ಯಂತ್ರಗಳ ಕಾರ್ಖಾನೆ ಆರಂಭಿಸಿತು. ಆ ಯಂತ್ರಗಳಿಗೂ ಸರಂಧ್ರ ವಿದ್ಯುದ್ವಾರಗಳೇ ಬೇಕು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2024ರ ಜನವರಿ 1ರಂದು ಹಾರಿದ ಇಸ್ರೋದ ರಾಕೆಟ್ಟಿನ ಕೊನೆಯ ಹಂತದಲ್ಲಿ ಪೊರೆಯ ಇಂಧನ ಕೋಶವೊಂದನ್ನು ಪರೀಕ್ಷಿಸಲಾಯಿತು. ಅದು ಕಕ್ಷೆಯಲ್ಲಿ 180 ವ್ಯಾಟ್ ವಿದ್ಯುತ್ ಕೊಟ್ಟಿತು.

ಅರಸೀಕೆರೆ ಜಂಕ್ಷನ್ನಿನಲ್ಲಿ ಹಿರಿಯರು ಹೊಗೆ ಉಗುಳುವ ಕಲ್ಲಿದ್ದಲಿನ ಎಂಜಿನ್ ನೋಡಿದ್ದಾರೆ, ನಾವು ಡೀಸೆಲ್ ನೋಡಿದ್ದೇವೆ, ನೀವು ವಿದ್ಯುತ್ ಎಂಜಿನ್ ನೋಡುತ್ತಿದ್ದೀರಿ. ಜರ್ಮನಿಯಲ್ಲಿ 2018ರಲ್ಲಿ ಇಂಧನ ಕೋಶದ ರೈಲು ಪ್ರಯಾಣಿಕರನ್ನು ಒಯ್ಯತೊಡಗಿತು. ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ 2025ರ ಜುಲೈನಲ್ಲಿ ಭಾರತದ ಜಲಜನಕ ರೈಲಿನ ಎಂಜಿನ್ ಬೋಗಿಯ ಪರೀಕ್ಷೆ ನಡೆಯಿತು. ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಪ್ರಪಂಚದಲ್ಲಿ ಬಳಕೆಯಾಗುವ ಜಲಜನಕದ ಬಹುಪಾಲು ಇನ್ನೂ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ ತಯಾರಾಗುತ್ತಿದೆ. ರೈಲು ಹೊಗೆ ಉಗುಳದಿದ್ದರೂ, ಜಲಜನಕ ತಯಾರಾಗುವ ಕಡೆ ಹೊಗೆ ಇದ್ದರೆ ಲಾಭ ಅಷ್ಟಕ್ಕಷ್ಟೇ.

ತೆಂಗಿನ ಕರಟದ ಮಾತು

ಅರಸೀಕೆರೆ-ತಿಪಟೂರು ಸೀಮೆ ಕೊಬ್ಬರಿಗೆ ಹೆಸರಾದದ್ದು. ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟವನ್ನು ಒಲೆಗೆ ಹಾಕುತ್ತೇವೆ ಅಥವಾ ಇದ್ದಿಲು ಮಾಡುವವರಿಗೆ ಮಾರುತ್ತೇವೆ. ಮೂರು-ನಾಲ್ಕು ಕೆ.ಜಿ. ಕರಟದಿಂದ ಸುಮಾರು 1 ಕೆ.ಜಿ. ಇದ್ದಿಲು. ಈ ಇದ್ದಿಲನ್ನು 800 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಹಬೆಯೊಡನೆ ಕಾಯಿಸಿದರೆ ಅದು ‘ಕ್ರಿಯಾಶೀಲ ಇಂಗಾಲ’ವಾಗುತ್ತದೆ. ಅದರ 1 ಗ್ರಾಂನಲ್ಲಿರುವ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆಗಬಹುದು. 13 ಮೀಟರ್ ಉದ್ದ, 10 ಮೀಟರ್ ಅಗಲದ ಕಬಡ್ಡಿ ಅಂಕಣಗಳಾದರೆ ಏಳಕ್ಕೂ ಹೆಚ್ಚು!

ಈ ಗುಣ ಬಹಳ ಹಿಂದೆಯೇ ಗೊತ್ತಿತ್ತು. 1898ರಲ್ಲಿ ಜಲಜನಕವನ್ನು ಮೊದಲ ಬಾರಿಗೆ ದ್ರವರೂಪಕ್ಕೆ ತಂದ ಜೇಮ್ಸ್ ಡ್ಯೂಯರ್, ಪಾತ್ರೆಯಲ್ಲಿ ಉಳಿದ ಅನಿಲವನ್ನು ಹೀರಿಸಲು ತೆಂಗಿನ ಕರಟದ ಇದ್ದಿಲನ್ನೇ ಬಳಸಿದ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಪಾಡಿದ ಮುಖವಾಡಗಳಲ್ಲಿ ಇದೇ ಇದ್ದಿಲಿತ್ತು. ಈಗ ನೀರಿನ ಫಿಲ್ಟರುಗಳಲ್ಲಿದೆ. ಬೇಗನೆ ತುಂಬಿ ಬೇಗನೆ ಖಾಲಿಯಾಗುವ ಸೂಪರ್ ಕೆಪಾಸಿಟರ್ ಎಂಬ ವಿದ್ಯುತ್ ಸಂಗ್ರಾಹಕಗಳ ವಿದ್ಯುದ್ವಾರಗಳಲ್ಲೂ ಇದೆ.

ಹಾಗಾದರೆ ಇಂಧನ ಕೋಶಕ್ಕೆ ನಮ್ಮ ಕರಟವನ್ನೇ ಬಳಸಬಾರದೇ? ನೀವು ಈಗಾಗಲೇ ಊಹಿಸಿರಬಹುದು. ಅದರ ರಂಧ್ರಗಳಲ್ಲಿ ಹೆಚ್ಚಿನವು 2 ನ್ಯಾನೋಮೀಟರಿಗಿಂತ ಕಿರಿದು. ನೀರಿನಲ್ಲಿನ ಕಶ್ಮಲ ಹಿಡಿಯಲು ಅವು ಸರಿ, ಆಮ್ಲಜನಕ ಬಂದು ನೀರು ಹೋಗಲು ಇಕ್ಕಟ್ಟು. ಅದರ ವಿದ್ಯುದ್ವಾಹಕತೆಯೂ ಕಡಿಮೆ, ಬೂದಿಯ ಲವಣಗಳೂ ಇರುತ್ತವೆ. ಅದಕ್ಕಾಗಿ ಪ್ರಪಂಚದ ಅನೇಕ ಪ್ರಯೋಗಾಲಯಗಳಲ್ಲಿ ಕೃಷಿ ತ್ಯಾಜ್ಯದ ಇಂಗಾಲದ ರಂಧ್ರಗಳನ್ನು ಹಿಗ್ಗಿಸುವ, ಅದಕ್ಕೆ ಸಾರಜನಕ ಮತ್ತು ಕಬ್ಬಿಣ ಸೇರಿಸಿ ಪ್ಲಾಟಿನಂ ಇಲ್ಲದೆಯೇ ಕೆಲಸ ಮಾಡಿಸುವ ಪ್ರಯತ್ನ ನಡೆದಿದೆ. ಬಾಳಿಕೆ ಅಲ್ಲಿನ ದೊಡ್ಡ ಸಮಸ್ಯೆ. ಅಂದರೆ ಪ್ರಶ್ನೆ ಇನ್ನೂ ತೆರೆದಿದೆ, ಮತ್ತು ಅದರ ಕಚ್ಚಾವಸ್ತು ನಮ್ಮ ತೋಟದ ಮೂಲೆಯಲ್ಲಿ ರಾಶಿ ಬಿದ್ದಿದೆ.

ಕೊನೆಯ ಮಾತು

ಭಾಷಾ ಶಿಕ್ಷಕರು ಇದನ್ನೇಕೆ ಬರೆಯಬೇಕು ಎಂಬ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ಪಡೆದ ಮಕ್ಕಳೂ ಪಿ.ಯು.ಸಿ.ಗೆ ಬಂದಾಗ ವಿಜ್ಞಾನ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕಾರಣ ಕೇಳಿದರೆ ‘ಪುಸ್ತಕವೆಲ್ಲ ಇಂಗ್ಲಿಷಿನಲ್ಲಿದೆ, ನಮಗೆ ಆಗುವುದಿಲ್ಲ’ ಎನ್ನುತ್ತಾರೆ. ಉರ್ದು ಶಾಲೆಯಿಂದ ಬಂದವರೂ ಹಾಗೆಯೇ, ಕನ್ನಡ ಶಾಲೆಯಿಂದ ಬಂದವರೂ ಹಾಗೆಯೇ. ಇತರ ವಿಷಯಗಳನ್ನು ಓದುವುದು ಕಡಿಮೆಯೆಂದು ನಾನು ಹೇಳುವುದಿಲ್ಲ. ಆದರೆ ಹೆದರಿಕೆಯಿಂದ ಮಾಡಿದ ಆಯ್ಕೆ ಆಯ್ಕೆಯಲ್ಲ.

ಇದುವರೆಗೆ ನೀವು ಓದಿದ್ದರಲ್ಲಿ ಸಂಶೋಧಕರು ಇಂದಿಗೂ ತಲೆಕೆಡಿಸಿಕೊಂಡಿರುವ ಸಮಸ್ಯೆಯೊಂದು ಪೂರ್ತಿಯಾಗಿ ಇದೆ. ಅದನ್ನು ತಿಳಿಯಲು ನಿಮಗೆ ಬೇಕಾದದ್ದು ಸೀಮೆಸುಣ್ಣ, ಮಡಕೆ, ಬತ್ತಿ, ಕರಟ, ರಂಧ್ರ, ಮಸಾಮ್ ಎಂಬ ಮನೆಯ ಪದಗಳು. ಇಂಗ್ಲಿಷ್ ಹೆಸರುಗಳನ್ನು ಆಮೇಲೆ ಕಲಿಯಬಹುದು, ಕಲಿಯಲೂ ಬೇಕು. ವಿಷಯ ತಿಳಿದ ಮೇಲೆ ಹೆಸರು ಕಲಿಯುವುದು ಎರಡು ತಿಂಗಳ ಕೆಲಸ. ವಿಷಯವನ್ನೇ ಬಿಟ್ಟುಬಿಟ್ಟರೆ ಜೀವನಪೂರ್ತಿ ಹಾಗೆಯೇ ಉಳಿಯುತ್ತದೆ.

ಹೆತ್ತವರಲ್ಲಿ ಮತ್ತು ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ಮಗುವಿಗೆ ಎಷ್ಟು ಅಂಕ ಎಂದು ಕೇಳಿದ ಮೇಲೆ, ಯಾವ ಪಾಠ ಇಷ್ಟವಾಯಿತು ಎಂದೂ ಕೇಳಿ. ಹೆಣ್ಣುಮಕ್ಕಳನ್ನು ತಪ್ಪದೆ ಕೇಳಿ. ವಿದ್ಯಾರ್ಥಿಗಳೇ, ನೀವು ನಾಳೆ ತರಗತಿಯಲ್ಲಿ ಸೀಮೆಸುಣ್ಣದ ಮೇಲೆ ಒಂದು ಹನಿ ಮಸಿ ಹಾಕಿ, ಅದು ಎಷ್ಟು ಸೆಕೆಂಡಿನಲ್ಲಿ ಎಷ್ಟು ದೂರ ಇಳಿಯಿತು ಎಂದು ಬರೆದಿಡಿ. ಮಡಕೆಯ ಚೂರು, ಇಟ್ಟಿಗೆ, ಕರಟದ ಇದ್ದಿಲು, ಇವುಗಳ ಮೇಲೂ ಮಾಡಿ ನೋಡಿ, ಹೋಲಿಸಿ. ಏಕೆ ಹೀಗಾಯಿತು ಎಂಬ ಪ್ರಶ್ನೆ ಹುಟ್ಟಿದರೆ ಅದನ್ನು ನಿಮ್ಮ ವಿಜ್ಞಾನ ಶಿಕ್ಷಕರ ಬಳಿಗೆ ಒಯ್ಯಿರಿ.